ದಾರಿ ಬಿಟ್ಟು ಬಂದ ಹಡಗು

ನಮ್ಮ ಬೀದಿಯಲ್ಲಿ ಮೀನು ಹಿಡಿಯುವವರ ಮನೆಗಳೇ ಹೆಚ್ಚು. ಇಲ್ಲಿ ಯಾರನ್ನು ಏನು ಬೇಕಾದರೂ ಕೇಳಬಹುದು. ಮಗಳ ಮದುವೆ ಯಾಕೆ ಮುರಿಯಿತು, ತಮ್ಮನ ಜೊತೆ ಮಾತು ಯಾಕೆ ಬಿಟ್ಟಿರಿ ಎಂದು ಕೇಳಿದರೂ ಕೂರಿಸಿಕೊಂಡು ಹೇಳುತ್ತಾರೆ. ಮೀನು ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳಬಾರದು. ಕೇಳಿದರೆ, "ನೀರಲ್ಲಿ" ಎನ್ನುತ್ತಾರೆ.

ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ಅಪ್ಪ ಹರೆಯದಲ್ಲಿ ಕಂಡುಕೊಂಡ ಒಂದು ಜಾಗ ಕಡಲಲ್ಲಿದೆ. ನೀರಿನಡಿ ಬಂಡೆಯ ದಿಬ್ಬ, ಅದರ ಸುತ್ತ ದೊಡ್ಡ ಮೀನು. ಮಂಡಿ ನೋವು ಬಂದು ದೋಣಿ ಹತ್ತುವುದು ನಿಂತ ಮೇಲೆ ಅಪ್ಪ ಆ ಜಾಗವನ್ನು ಅಣ್ಣನಿಗೊಬ್ಬನಿಗೇ ಹೇಳಿಕೊಟ್ಟರು, ಹೊಲ ಬರೆದುಕೊಟ್ಟ ಹಾಗೆ. ಅತ್ತಿಗೆಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಬೀದಿಯವರು ಕೇಳಿದರೆ ಹೇಳುವುದಕ್ಕೆ ಮನೆಮಂದಿಗೆಲ್ಲ ಬೇರೊಂದು ಉತ್ತರ ಕಲಿಸಿದ್ದರು: ದಕ್ಷಿಣಕ್ಕೆ, ದೀಪಸ್ತಂಭ ದಾಟಿ. ಅಣ್ಣ ದಕ್ಷಿಣಕ್ಕೇ ಹೊರಟು, ದಡ ಮರೆಯಾದ ಮೇಲೆ ದೋಣಿ ತಿರುಗಿಸುತ್ತಿದ್ದ.

ದೋಣಿಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ದೋಣಿ ಈಗ ಎಲ್ಲಿದೆ ಎಂದು ಅದು ಸುತ್ತಲಿನವರಿಗೆಲ್ಲ ತೋರಿಸುತ್ತದೆ. ಒಂದು ದಿನ ಅತ್ತಿಗೆಯ ಅಡುಗೆಮನೆಯಿಂದ ಅಲ್ಯೂಮಿನಿಯಂ ಡಬರಿ ಕಾಣೆಯಾಯಿತು. ಅತ್ತಿಗೆ ಮೊದಲು ನನ್ನನ್ನು ಕೇಳಿದಳು, ಆಮೇಲೆ ಪಕ್ಕದ ಮನೆಯ ಮೇಲೆ ಗುಮಾನಿ ಪಟ್ಟಳು. ಕೊನೆಗೆ ನೋಡಿದರೆ ಅದು ದೋಣಿಯಲ್ಲಿ, ಆ ಪೆಟ್ಟಿಗೆಯ ಮೇಲೆ ಕವುಚಿಕೊಂಡು ಕೂತಿತ್ತು. ಪೆಟ್ಟಿಗೆಯ ಸುಳಿವು ಹೊರಗೆ ಹೋಗದೆ, ದೋಣಿ ಎಲ್ಲಿದೆ ಎಂದು ಕೊಕ್ಕರೆಗೆ ಕಾಣದಿರಲಿ ಎಂದು ಅಣ್ಣ ಮಾಡಿದ ಕೆಲಸ. ಕೊಕ್ಕರೆ ಎಂದರೆ ನಮ್ಮ ಬೀದಿಯ ಇನ್ನೊಬ್ಬ ದೋಣಿಯವನು. ಉದ್ದ ಕಾಲು, ಉದ್ದ ಕತ್ತು. ಬೇರೆಯವರ ದೋಣಿ ಎತ್ತ ಹೋಯಿತು ಎಂದು ನೋಡುತ್ತ ನಿಂತೇ ಇರುತ್ತಾನೆ.

ಆ ದಿನಗಳಲ್ಲಿ ಸೌಟಪ್ಪ ರಜೆಗೆ ಊರಿಗೆ ಬಂದಿದ್ದ. ಅವನು ಸರಕು ಸಾಗಿಸುವ ದೊಡ್ಡ ಹಡಗಿನಲ್ಲಿ ಅಡುಗೆಯವನು, ಅದಕ್ಕೇ ಆ ಹೆಸರು. ನಾನೂ ಅತ್ತಿಗೆಯೂ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದಾಗ ಬಂದು ಕೂತ. ಮಾತಿನ ನಡುವೆ, ಒಮ್ಮೆ ತಮ್ಮ ಹಡಗು ದಾರಿ ಬಿಟ್ಟು ಹೋಗಿ ಮುಳುಗುತ್ತಿದ್ದ ದೋಣಿಯಿಂದ ಜನರನ್ನು ಎತ್ತಿಕೊಂಡಿತ್ತು ಎಂದ. ಅವರಲ್ಲಿ ಒಬ್ಬನಿಗೆ ಬಿಸಿ ಚಹಾ ಕೊಟ್ಟರೆ ಅವನು ಕುಡಿಯದೆ ಲೋಟವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದನಂತೆ.

ಒಳಗಿಂದ ಅಪ್ಪನ ಧ್ವನಿ ಬಂತು. "ಆನೆ ಎಲ್ಲಾದ್ರೂ ಇರುವೆಗೋಸ್ಕರ ದಾರಿ ಬಿಡುತ್ತೇನಪ್ಪಾ ಸೌಟು?"

"ಕಣ್ಣಾರೆ ಕಂಡಿದ್ದೀನಿ ಯಜಮಾನ್ರೇ."

ಅತ್ತಿಗೆ ಸೂಜಿ ಕೆಳಗಿಟ್ಟಳು. ಅಷ್ಟು ದೊಡ್ಡ ಕಡಲಲ್ಲಿ ಒಂದು ದೋಣಿ ಕಷ್ಟದಲ್ಲಿದೆ ಎಂದು ಹಡಗಿಗೆ ಹೇಗೆ ತಿಳಿಯಿತು ಎಂದು ಕೇಳಿದಳು. ಸೌಟಪ್ಪ ಬಲೆಗೆ ಕಟ್ಟುವ ಬೆಂಡುಗಳನ್ನು ಬುಟ್ಟಿಯಿಂದ ತೆಗೆದು ನೆಲದ ಮೇಲೆ ಚೆಲ್ಲಾಪಿಲ್ಲಿ ಇಟ್ಟ. ಇದು ಗೋಧಿ ಹಡಗು, ಇದು ಎಣ್ಣೆ ಹಡಗು, ಇದರ ತುಂಬ ಕಾರುಗಳು ಎಂದ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಬೇರೆ ಬೇರೆ ದೇಶದವು, ಬೇರೆ ಬೇರೆ ಮಾಲೀಕರವು. ಆದರೂ ಇವುಗಳಲ್ಲಿ ಎಷ್ಟೋ ಹಡಗುಗಳು ತಾವು ಎಲ್ಲಿದ್ದೇವೆ, ಎತ್ತ ಹೋಗುತ್ತಿದ್ದೇವೆ ಎಂದು ದಡದಲ್ಲಿರುವ ರಕ್ಷಣಾ ಕೇಂದ್ರಕ್ಕೆ ಆಗಾಗ ತಿಳಿಸುತ್ತಲೇ ಇರುತ್ತವೆ. ಯಾರಾದರೂ ಕಷ್ಟದಲ್ಲಿದ್ದರೆ ಹತ್ತಿರ ಯಾವ ಹಡಗಿದೆ ಎಂದು ಕೇಂದ್ರದವರು ನೋಡುತ್ತಾರೆ, ಅದನ್ನು ಕರೆಯುತ್ತಾರೆ, ಅದು ಹೋಗುತ್ತದೆ.

ತಾವು ಎಲ್ಲಿದ್ದೇವೆ ಎಂದು ಹೇಳಲೇಬೇಕೆಂದು ಅವರಿಗೆ ಕಟ್ಟಪ್ಪಣೆ ಇದೆಯೇ ಎಂದು ಅತ್ತಿಗೆ ಕೇಳಿದಳು.

"ಕಷ್ಟದಲ್ಲಿ ಇರೋರಿಗೆ ಸಹಾಯ ಮಾಡ್ಲೇಬೇಕು, ಅದು ಕಡಲಿನ ಕಾನೂನು. ಆದ್ರೆ ಏನೂ ಆಗದೆ ಇರುವಾಗ್ಲೂ ದಿನಾ 'ನಾನಿಲ್ಲಿದ್ದೀನಿ, ಬೇಕಾದ್ರೆ ಕರೀರಿ' ಅಂತ ಹೇಳ್ತಾರಲ್ಲಮ್ಮಾ, ಅದು ಅವರಾಗೇ ಮಾಡೋದು."

ಅಪ್ಪ ಬಾಗಿಲಿಗೆ ಬಂದು ನಿಂತರು. ಅಷ್ಟು ಎಣ್ಣೆ ಸುಟ್ಟು, ಹೊತ್ತು ಕಳೆದು ಬರುವವರು ಆಮೇಲೆ ಆ ಖರ್ಚನ್ನು ಯಾರ ತಲೆಗೆ ಕಟ್ಟುತ್ತಾರೆ ಎಂದು ಕೇಳಿದರು. ಜೀವ ಉಳಿಸಿದ್ದಕ್ಕೆ ಉಳಿದವರಿಂದ ಏನೂ ತೆಗೆದುಕೊಳ್ಳುವುದಿಲ್ಲ ಎಂದ ಸೌಟಪ್ಪ. ಹಾಗಾದರೆ ಅವರಿಗೇನು ಲಾಭ ಎಂದರು ಅಪ್ಪ. "ನಮ್ಮ ಹಡಗೂ ನೀರಿನ ಮೇಲೇ ಇರೋದಲ್ವಾ ಯಜಮಾನ್ರೇ" ಎಂದ ಸೌಟಪ್ಪ.

ಅತ್ತಿಗೆ ಒಂದು ತುಂಡು ದಾರಕ್ಕೆ ಗಂಟು ಹಾಕಿ ಬೆಂಡುಗಳ ನಡುವೆ ಇಟ್ಟಳು. ಇದು ನಮ್ಮ ದೋಣಿ, ಇದು ಇಲ್ಲಿದೆ ಎಂದು ಅವರಿಗೆ ಯಾರು ಹೇಳುತ್ತಾರೆ ಎಂದು ಕೇಳಿದಳು.

"ಅದನ್ನ ನೀವೇ ಹೇಳ್ಬೇಕು. ಇಲ್ಲಾ, ಆ ಪೆಟ್ಟಿಗೆ ಹೇಳ್ಬೇಕು. ನೀವು ಅದಕ್ಕೆ ಡಬರಿ ಮುಚ್ಚಿದ್ದೀರಂತಲ್ಲ."

ಅತ್ತಿಗೆ ಅಪ್ಪನ ಕಡೆ ನೋಡಿದಳು. ಅಪ್ಪ ಒಳಗೆ ಹೋದರು.

ಇದಾಗಿ ಹೆಚ್ಚು ದಿನ ಆಗಿರಲಿಲ್ಲ. ಅಣ್ಣ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಹೋದ. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಬೀದಿಯ ದೋಣಿಗಳೆಲ್ಲ ಒಂದೊಂದಾಗಿ ದಡ ಸೇರಿದವು, ನಮ್ಮದು ಬರಲಿಲ್ಲ. ಫೋನ್ ಹತ್ತಲಿಲ್ಲ. ಸಂಜೆಯೇ ಬಂದರು ಕಚೇರಿಗೆ ಹೋಗೋಣ ಎಂದಳು ಅತ್ತಿಗೆ. ಗಾಳಿ ಇಳಿದ ಮೇಲೆ ತಾನಾಗಿಯೇ ಬರುತ್ತಾನೆ, ಸುಮ್ಮನೆ ಬೀದಿಗೆಲ್ಲ ಸಾರುವುದು ಬೇಡ ಎಂದರು ಅಪ್ಪ. ಬೆಳಗಾಯಿತು. ಅತ್ತಿಗೆ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಓಡಿದೆ. ತಿರುವಿನಲ್ಲಿ ತಿರುಗಿ ನೋಡಿದರೆ ಅಪ್ಪ ಕೋಲೂರಿಕೊಂಡು ನಮ್ಮ ಹಿಂದೆಯೇ ಬರುತ್ತಿದ್ದರು.

ಬಂದರು ಕಚೇರಿ ಒಂದೇ ಕೋಣೆ. ಗೋಡೆ ತುಂಬ ಕಡಲಿನ ನಕ್ಷೆ, ಮೇಜಿನ ಮೇಲೆ ರೇಡಿಯೋ ಮತ್ತು ಫೋನು. ಅಲ್ಲಿ ಕೂರುವ ಹೆಂಗಸನ್ನು ನಾವು ರೇಡಿಯೋ ಮೇಡಂ ಎನ್ನುತ್ತೇವೆ. ಸುದ್ದಿ ಹೇಗೋ ಹರಡಿ ಬೀದಿಯ ದೋಣಿಯವರು ಅದಾಗಲೇ ಗೋಡೆಗೆ ಒರಗಿ ನಿಂತಿದ್ದರು. ಕೊಕ್ಕರೆಯೂ ಇದ್ದ. ಸೌಟಪ್ಪನೂ ಬಂದ.

ದೋಣಿಯ ಪೆಟ್ಟಿಗೆ ಏನೂ ತೋರಿಸುತ್ತಿಲ್ಲ ಎಂದರು ಮೇಡಂ. ದೋಣಿಯ ಬಣ್ಣ ಯಾವುದು, ಎಷ್ಟು ಜನ, ಎಷ್ಟು ನೀರು ಒಯ್ದಿದ್ದಾರೆ ಎಂದು ವಿಚಾರಿಸಿದರು. ಅತ್ತಿಗೆ ಎಲ್ಲದಕ್ಕೂ ಉತ್ತರ ಹೇಳಿದಳು. ಎತ್ತ ಕಡೆ ಹೋಗಿದ್ದಾರೆ ಎಂದು ಕೇಳಿದಾಗ ಅವಳು ಅಪ್ಪನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು.

"ದಕ್ಷಿಣಕ್ಕೆ. ದೀಪಸ್ತಂಭ ದಾಟಿ" ಎಂದರು ಅಪ್ಪ.

ಮೇಡಂ ನಕ್ಷೆಯಲ್ಲಿ ಆ ಕಡೆ ಬೆರಳಿಟ್ಟು ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿಂದ ತಿರುಗಿ ಕರೆ ಬಂತು. ಆ ದಿಕ್ಕಿನಲ್ಲಿ ಕಲ್ಲಿದ್ದಲು ಹೊತ್ತ ಹಡಗೊಂದು ಹೋಗುತ್ತಿದೆ, ದೋಣಿ ಹುಡುಕಲು ದಾರಿ ತಿರುಗಿಸಿದೆ ಎಂದರು ಮೇಡಂ.

ಅಪ್ಪ ತಲೆ ಎತ್ತಿದರು. "ಒಪ್ಪಿದ್ರಾ?"

"ಕೇಳಿದ ತಕ್ಷಣ ಒಪ್ಪಿದ್ರಂತೆ."

"ಏನು, ಹಡಗನ್ನೇ ತಿರುಗಿಸಿದ್ರಾ?"

"ತಿರುಗಿಸಿ ಆಯ್ತು ಯಜಮಾನ್ರೇ."

ಅಪ್ಪನ ಮುಖದಲ್ಲಿ ನೆಮ್ಮದಿ ಕಾಣಬೇಕಿತ್ತು. ಬದಲಿಗೆ ಅವರು ನಕ್ಷೆಯ ಕೆಳಗಿನ ಮೂಲೆಯನ್ನೇ ನೋಡತೊಡಗಿದರು. ಯಾರೂ ಬರುವುದಿಲ್ಲ, ಜಾಗ ಬಿಟ್ಟುಕೊಟ್ಟರೆ ಅದೂ ಹೋಯಿತು ಎಂದುಕೊಂಡು ಅವರು ಬಂದಿದ್ದರು. ಈಗ ಯಾರೋ ಬರುತ್ತಿದ್ದರು, ದೋಣಿಯೇ ಇಲ್ಲದ ನೀರಿನ ಕಡೆಗೆ. ನನಗೆ ಅದು ಹೊಳೆಯುವ ಮೊದಲೇ ಅತ್ತಿಗೆಗೆ ಹೊಳೆದಿತ್ತು. ಅವಳು ಅಪ್ಪನ ಎದುರಿಗೆ ಹೋಗಿ ನಿಂತಳು. ಮಾವನ ಎದುರು ಅವಳು ಹಾಗೆ ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಮಾವ, ಅದು ಬೀದಿಗೆ ಹೇಳೋ ಜಾಗ. ಅವರು ಇರೋ ಜಾಗ ಹೇಳಿ."

ಗೋಡೆಗೆ ಒರಗಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕದಲಿದವನು ಕೊಕ್ಕರೆ. ನಡೀರಿ ಎಲ್ಲ ಹೊರಗೆ, ಯಜಮಾನರು ಮೇಡಂಗೆ ಮಾತ್ರ ಹೇಳಲಿ ಎಂದು ಉಳಿದವರನ್ನು ಬಾಗಿಲ ಕಡೆ ತಳ್ಳತೊಡಗಿದ. ಎಷ್ಟೋ ವರ್ಷದಿಂದ ಆ ಜಾಗ ಹುಡುಕಿ ಹುಡುಕಿ ಸೋತವನು ಅವನು.

"ನಿಲ್ಲೋ ಕೊಕ್ಕರೆ" ಎಂದರು ಅಪ್ಪ. "ನಿನ್ನ ದೋಣೀಲಿ ಡೀಸೆಲ್ ಇದ್ಯಾ?"

ಕೊಕ್ಕರೆ ನಿಂತ. ಇದೆ ಎಂದು ತಲೆಯಾಡಿಸಿದ.

ಅಪ್ಪ ಕೋಲೂರುತ್ತ ನಕ್ಷೆಯ ಹತ್ತಿರ ಹೋದರು. ದೀಪಸ್ತಂಭದಿಂದ ಬೆರಳನ್ನು ಮೇಲಕ್ಕೆ, ವಾಯವ್ಯಕ್ಕೆ ಒಯ್ದು ಒಂದು ಕಡೆ ಊರಿದರು. ಅಲ್ಲಿ ನೀರು ಎಷ್ಟು ಆಳ, ದಿಬ್ಬದ ಯಾವ ಮಗ್ಗುಲಲ್ಲಿ ಸೆಳೆತ ಹೆಚ್ಚು, ಗಾಳಿ ಬಂದರೆ ದೋಣಿ ಎತ್ತ ತೇಲುತ್ತದೆ ಎಂದು ಒಂದನ್ನೂ ಬಿಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು. ಬೆರಳು ಅಲ್ಲಿಂದ ತೆಗೆದಾಗ ಅವರು ಕುಗ್ಗಿಹೋದಂತೆ ಕಂಡರು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಕಲ್ಲಿದ್ದಲಿನ ಹಡಗಿಗೆ ವಿಷಯ ತಿಳಿಸಿ, ಅದರ ದಾರಿ ಅದಕ್ಕೆ ಬಿಟ್ಟರು. ದಿಬ್ಬದ ಹತ್ತಿರ ಮರದ ದಿಮ್ಮಿ ಹೊತ್ತ ಇನ್ನೊಂದು ಹಡಗಿತ್ತು, ಅದೂ ಕೇಳಿದ ಕೂಡಲೇ ತಿರುಗಿತು. ಕೊಕ್ಕರೆ ಮತ್ತು ಇನ್ನಿಬ್ಬರು ದೋಣಿ ಇಳಿಸಿದರು. ಗಾಳಿಯ ಲೆಕ್ಕ ಹಾಕಿ, ದಿಬ್ಬದಿಂದ ಎಷ್ಟು ದೂರ ತೇಲಿರಬಹುದು ಎಂದು ಕೇಂದ್ರದವರು ಹೇಳುತ್ತ ಹೋದರು. ಅತ್ತಿಗೆ ರೇಡಿಯೋದ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಸೌಟಪ್ಪ ಚಹಾ ತಂದುಕೊಟ್ಟ, ಅದು ತಣ್ಣಗಾಯಿತು. ಬಿಸಿಲು ಇಳಿಮುಖವಾಗುತ್ತಿದ್ದಾಗ ಮೇಡಂ ಫೋನ್ ಕೆಳಗಿಟ್ಟು, "ಮೂರೂ ಜನ ಹಡಗಿನ ಮೇಲಿದ್ದಾರೆ" ಎಂದರು. ಅತ್ತಿಗೆ ಮೇಜಿನ ಮೇಲೆ ತಲೆ ಇಟ್ಟುಬಿಟ್ಟಳು.

ನಮ್ಮ ದೋಣಿಯನ್ನು ಕೊಕ್ಕರೆ ತನ್ನ ದೋಣಿಗೆ ಕಟ್ಟಿ ಎಳೆದು ತಂದ, ಅಣ್ಣ ಮನೆ ಸೇರಿದ್ದು ಬಸ್ಸಿನಲ್ಲಿ. ಹಡಗು ತನ್ನ ದಾರಿಯಲ್ಲಿ ಮುಂದಿನ ಬಂದರಿನಲ್ಲಿ ಅವರನ್ನು ಇಳಿಸಿತ್ತು. ಹಡಗಿನವರು ಕೊಟ್ಟ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಅದರ ಉದ್ದ ತೋಳು ಮಡಿಸಿ ಮಡಿಸಿ ಸೋತು, ಮೂವರೂ ಬೀದಿಯಲ್ಲಿ ನಡೆದು ಬಂದರೆ ಮಕ್ಕಳು ನಗುತ್ತ ಹಿಂದೆ ಓಡಿದರು. ಏನಾಯಿತೆಂದು ಅಣ್ಣ ಒಂದೊಂದಾಗಿ ಹೇಳಿದ. ಎಂಜಿನ್ ಕೆಟ್ಟಿತು, ದೊಡ್ಡ ಅಲೆ ಹೊಡೆಯಿತು, ಫೋನ್ ನೀರು ಕುಡಿಯಿತು. ಆಗ ಪೆಟ್ಟಿಗೆಯ ಮೇಲಿನ ಡಬರಿ ತೆಗೆದರು. ಆದರೆ ಅಷ್ಟರಲ್ಲಿ ಪೆಟ್ಟಿಗೆಯ ಬ್ಯಾಟರಿ ನೀರಿನಡಿ ಇತ್ತು. ಹಡಗು ಬರುವವರೆಗೂ ಅದೇ ಡಬರಿಯಲ್ಲಿ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದರಂತೆ.

ಹಡಗಿನವರು ಏನು ಕೇಳಿದರು ಎಂದು ತಿಳಿಯುವ ಕುತೂಹಲ ಅಪ್ಪನಿಗೆ. ಕ್ಯಾಪ್ಟನ್ ಕೇಳಿದ್ದು ಒಂದೇ ಮಾತು ಎಂದ ಅಣ್ಣ: "ನೀರಲ್ಲಿ ಇನ್ನೂ ಯಾರಾದ್ರೂ ಇದ್ದಾರಾ?" ಇಲ್ಲ ಎಂದ ಮೇಲೆಯೇ ಅವರು ಹಗ್ಗದ ಏಣಿ ಮೇಲೆಳೆದದ್ದು. ಅಪ್ಪ ಅದನ್ನು ಮತ್ತೊಮ್ಮೆ ಹೇಳಿಸಿ ಕೇಳಿದರು.

ಇದರಲ್ಲಿ ನಷ್ಟವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ದಿಬ್ಬದ ಮೇಲೆ ಈಗ ಬೀದಿಯ ಎಲ್ಲರ ಬಲೆಯೂ ಬೀಳುತ್ತದೆ. ನಮ್ಮ ಪಾಲಿನ ಮೀನು ಕಡಿಮೆಯಾಗಿದೆ. ನನ್ನ ಹೊಲಕ್ಕೆ ಊರ ದನವೆಲ್ಲ ನುಗ್ಗಿದೆ ಎಂದು ಅಪ್ಪ ಗೊಣಗುತ್ತಾರೆ. ಕೊಕ್ಕರೆ ಅದನ್ನು ಕೇಳಿಸಿಕೊಂಡು, ಒಳ್ಳೆ ಮೀನು ಸಿಕ್ಕ ದಿನ ನಮ್ಮ ಜಗಲಿಯ ಮೇಲೆ ಒಂದನ್ನು ಇಟ್ಟು ಹೋಗುತ್ತಾನೆ. ಅಪ್ಪ ಗೊಣಗುತ್ತಲೇ ಅದನ್ನು ತಿನ್ನುತ್ತಾರೆ.

ಮೊದಲೇ ಮೇಡಂ ಒಬ್ಬರಿಗೇ ಹೇಳಿದ್ದರೆ ಗುಟ್ಟೂ ಉಳಿಯುತ್ತಿತ್ತು ಎಂದು ಸೌಟಪ್ಪ ಹೇಳುತ್ತಾನೆ. ಅದು ನಿಜ. ಅಣ್ಣ ಈಚೆಗೆ ಇನ್ನೊಂದು ಹೊಸ ಜಾಗ ಕಂಡುಕೊಂಡಿದ್ದಾನೆ. ಅದು ಬೀದಿಗೆ ಗೊತ್ತಿಲ್ಲ, ಮೇಡಂಗೆ ಗೊತ್ತು, ಅತ್ತಿಗೆಗೆ ಗೊತ್ತು. ದೋಣಿ ಹೊರಡುವ ಮುಂಚೆ, ಯಾವಾಗ ವಾಪಸ್ಸು ಎಂದು ಕೇಳುವವರು ಈಗ ಅಪ್ಪನೇ. ಹೇಳಿದ ಹೊತ್ತಿಗೆ ಬರದಿದ್ದರೆ ಕಾಯುತ್ತ ಕೂರುವ ಮಾತೇ ಇಲ್ಲ, ಕಚೇರಿಗೆ ಫೋನ್ ಮಾಡುವುದೇ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಿಂದ ಯಾರಾದರೂ ಕಡಲಿಗೆ ಹೋಗುತ್ತಾರೆಯೇ? ಎತ್ತ ಹೋಗುತ್ತಾರೆ, ಯಾವಾಗ ಬರುತ್ತಾರೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಕೇಳಿದರೆ ಬೈದಾರು, ಬೈಸಿಕೊಳ್ಳಿ. ದೋಣಿಯ ಪೆಟ್ಟಿಗೆಯನ್ನು ಮುಚ್ಚಬೇಡಿ, ಅದರ ಬ್ಯಾಟರಿ ಎತ್ತರದಲ್ಲಿ, ಒಣಗಿದ ಕಡೆ ಇರಲಿ. ಬಂದರು ಕಚೇರಿಯ ಫೋನ್ ನಂಬರು ಮನೆಯ ಹೆಂಗಸರಿಗೂ ಬಾಯಿಪಾಠವಾಗಿರಲಿ. ದೋಣಿ ತಡವಾದರೆ ನಾಚಿಕೆ ಪಡದೆ ಬೇಗ ಹೇಳಿ, ಇದ್ದದ್ದನ್ನು ಇದ್ದ ಹಾಗೇ ಹೇಳಿ.

ನಮ್ಮ ಹೆಸರೂ ಗೊತ್ತಿಲ್ಲದ, ನಮ್ಮ ಭಾಷೆಯೂ ಬಾರದ ಜನ ಯಾವುದೋ ಹಡಗಿನಲ್ಲಿ ನಮಗಾಗಿ ದಾರಿ ತಿರುಗಿಸಲು ಸಿದ್ಧರಿದ್ದಾರೆ. ಎತ್ತ ತಿರುಗಿಸಬೇಕು ಎಂದು ನಾವು ಹೇಳಿದರೆ ಸಾಕು.