ಒಳಗಿನ ಪುಟ್ಟಿ, ಹೊರಗಿನ ಪುಟ್ಟಿ

ಈ ಕಥೆಯನ್ನು ಮೊದಲು ಹೇಳಿದವರು ಕೋಳಿಮರಿ ಕೇಂದ್ರದ ಒಡತಿಯ ಅತ್ತೆ, ವಯಸ್ಸಾದ ಅಜ್ಜಿ. ಹೇಳಿದ್ದು ಕಳೆದ ಬೇಸಿಗೆಯ ಒಂದು ಬೆಳಗ್ಗೆ, ಮರಿಗಳನ್ನು ಒಯ್ಯಲು ಬಂದು ಬೆಂಚಿನ ಮೇಲೆ ಕಾದಿದ್ದವರಿಗೆ. ನಾನೂ ಅವರಲ್ಲಿದ್ದೆ. ಅನಂತರ ಸೊಸೆಯ ಬಾಯಿಂದಲೂ ಕೇಳಿದೆ. ವ್ಯತ್ಯಾಸವಿದ್ದ ಕಡೆ ಅಜ್ಜಿ ಹೇಳಿದ್ದನ್ನೇ ಉಳಿಸಿಕೊಂಡಿದ್ದೇನೆ.

ಆ ಮನೆಯಲ್ಲಿ ಅಜ್ಜಿಯ ಮಗಳೂ ಪುಟ್ಟಿ, ಮೊಮ್ಮಗಳೂ ಪುಟ್ಟಿ. ಮಗಳು ಪ್ರೋಗ್ರಾಂ ಬರೆಯುವವಳು. ಅತ್ತಿಗೆಯ, ಅಂದರೆ ಕೇಂದ್ರದ ಒಡತಿಯ, ಕಾವುಪೆಟ್ಟಿಗೆಗೆ ಕಂಪ್ಯೂಟರ್ ಜೋಡಿಸಿದ್ದವಳು ಅವಳೇ. ಮೊಟ್ಟೆಯ ಟ್ರೇ ಆಗಾಗ ಅತ್ತಿತ್ತ ವಾಲಬೇಕು. ಮರಿ ಹೊರಬರುವ ದಿನ ಹತ್ತಿರವಾದಾಗ ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ಮರಿ ಚಿಪ್ಪಿನೊಳಗೇ ಅಡ್ಡಾಗಿ ಸಾಯುವುದುಂಟು. ಪ್ರೋಗ್ರಾಮಿನ ಮೊದಲಲ್ಲಿ ಅವಳು ‘ಓಡಾಟ’ ಎಂಬ ಹೆಸರಿಗೆ ‘ಇರಲಿ’ ಎಂದು ಬರೆದಿದ್ದಳು. ಕೆಳಗೆ, ಆ ಒಂದು ಕೆಲಸಕ್ಕೆಂದೇ ಬೇರೆಯಾಗಿ ಬರೆದಿಟ್ಟ ‘ಕೊನೆಹಂತ’ ಎಂಬ ಫಂಕ್ಷನ್ನಿನೊಳಗೆ, ಅದೇ ‘ಓಡಾಟ’ವನ್ನು ‘ಸಾಕು’ ಎಂದು ಬದಲಿಸಿದ್ದಳು.

ಆ ದಿನ ಬಂದಾಗ ಪರದೆಯ ಮೇಲೆ ‘ಸಾಕು’ ಎಂದು ಮೂಡಿತು. ಟ್ರೇ ಮಾತ್ರ ವಾಲುತ್ತಲೇ ಇತ್ತು.

“ನಿಲ್ಲಿಸಿದೀನಿ ಅತ್ತಿಗೆ. ನೋಡಿ, ಬರೆದೇ ಇದೆಯಲ್ಲ!”

“ಬರೆದಿದ್ದನ್ನ ಓದ್ಕೊಂಡು ಮರಿ ಹೊರಗೆ ಬರುತ್ತೇನೇ? ಟ್ರೇ ನೋಡು, ತೊಟ್ಟಿಲ ಥರ ತೂಗ್ತಾ ಇದೆ!”

“ಪ್ಲಗ್ ಕಿತ್ತುಬಿಡ್ಲಾ?”

“ಹೀಟರ್‌ಗೂ ಅದೇ ಪ್ಲಗ್ಗು ಕಣೇ. ಕಾವು ಹೋದ್ರೆ ಒಂದು ಮರೀನೂ ಕೈಗೆ ಬರಲ್ಲ.”

ಮಗಳು ಉಗುರು ಕಚ್ಚುತ್ತ ಕೋಣೆಯಲ್ಲಿ ಶತಪಥ ಹಾಕತೊಡಗಿದಳು. ಅಂಗಳದಲ್ಲಿ ಮೊಮ್ಮಗಳು ದಡದಡ ಓಡುತ್ತಿದ್ದಳು. ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಗೆ ತಲೆ ಚಿಟ್ಟುಹಿಡಿಯಿತು.

“ಪುಟ್ಟೀ, ಓಡಾಡಿದ್ದು ಸಾಕು, ಕೂತ್ಕೋ!”

ಮಗಳು ದೊಪ್ಪನೆ ಕುಳಿತಳು. ಅಂಗಳದ ಸದ್ದು ನಿಲ್ಲಲಿಲ್ಲ.

“ನಿನಗಲ್ಲ ಕಣೇ! ಹೊರಗಿನ ಪುಟ್ಟಿಗೆ ಹೇಳಿದ್ದು.”

ಮಗಳು ಕುಳಿತಷ್ಟೇ ಬೇಗ ಎದ್ದಳು. “ಅಯ್ಯೋ ಅಮ್ಮಾ, ಇಲ್ಲಿ ಆಗಿರೋದೂ ಇದೇ! ಫಂಕ್ಷನ್ ಒಳಗೆ ನಿಂತು ‘ಓಡಾಟ ಸಾಕು’ ಅಂದ್ರೆ, ಅದೇ ಹೆಸರಿಂದು ಒಳಗೇ ಇನ್ನೊಂದು ಹುಟ್ಕೊಳ್ಳುತ್ತೆ. ಸುಮ್ಮನೆ ಕೂತಿದ್ದು ಅದು. ಟ್ರೇ ವಾಲಿಸೋ ಮೋಟಾರು ನೋಡೋದು ಹೊರಗಿಂದನ್ನ. ಅದು ಇನ್ನೂ ‘ಇರಲಿ’ ಅಂತಾನೇ ಇದೆ!”

ಫಂಕ್ಷನ್ನಿನ ಮೊದಲ ಸಾಲಾಗಿ ಅವಳು ‘ಗ್ಲೋಬಲ್ ಓಡಾಟ’ ಎಂದು ಸೇರಿಸಿದಳು. ನಾನು ಹೇಳುತ್ತಿರುವುದು ಹೊರಗಿನದಕ್ಕೇ ಎಂದು ಯಂತ್ರಕ್ಕೆ ತಿಳಿಸುವ ಸಾಲು ಅದು. ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಟ್ರೇ ಸಮನಾಗಿ ಬಂದು ನಿಂತಿತು.

ಅತ್ತಿಗೆ ಕಾವುಪೆಟ್ಟಿಗೆಯ ಗಾಜಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ, “ಅತ್ತೆ, ಇನ್ಮೇಲೆ ಯಾವ ಪುಟ್ಟಿ ಅಂತ ಹೇಳಿ ಕೂಗಿ,” ಎಂದಳು.

“ಆ ಮೊಟ್ಟೆಗಳೆಲ್ಲ ಮೊನ್ನೆ ಒಡೆದು ಮರಿಯಾದ್ವು,” ಎಂದು ಅಜ್ಜಿ ನಮಗೆ ಕಥೆ ಮುಗಿಸುವಷ್ಟರಲ್ಲಿ ಸೊಸೆ ರಟ್ಟಿನ ಪೆಟ್ಟಿಗೆಗಳನ್ನು ತಂದಿಟ್ಟಳು. ಒಳಗೆಲ್ಲ ಚಿಂವ್ ಚಿಂವ್. ಕೇಳುತ್ತಿದ್ದ ನಾವೆಲ್ಲ ಎದ್ದು, ನಮ್ಮ ನಮ್ಮ ಪೆಟ್ಟಿಗೆಗಳನ್ನು ವಾಲದಂತೆ ಹಿಡಿದುಕೊಂಡು ಮನೆಗೆ ಹೋದೆವು.