ಸಿಡಿ ಟ್ವೆಂಟಿ ಪಾಸಿಟಿವ್

ಚಹಾ ಪ್ಲಾಸ್ಟಿಕ್ ಕಪ್ಪಿನಲ್ಲಿ ಬಂತು. ಅತ್ತೆ ರಸೂಲಬಿ ಅದನ್ನು ಹೊಸ್ತಿಲ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮನ್ಯಾಗಿನ ಕಪ್ಪೆಲ್ಲಾ ಒಡದಾವೇನ್ರಿ ಅತ್ತಿ?" ಸೈರಾಬಾನು ಕೇಳಿದಳು.

"ನನ್ನ ಬಾಯಿ ಬಿಡಿಸಬ್ಯಾಡ. ಬಾಬುಸಾಬ ಎಲ್ಲಾ ಹೇಳ್ಯಾನ."

ಸೈರಾಬಾನುವಿನ ಕೊರಳಲ್ಲೆದ್ದ ಗಡ್ಡೆ ಕ್ಯಾನ್ಸರ್. ಹುಬ್ಬಳ್ಳಿ ದವಾಖಾನೆಗೆ ಮೊನ್ನೆ ಜೊತೆಗೆ ಬಂದವನು ಭಾವ ಬಾಬುಸಾಬ. "ಸಿಡಿ ಟ್ವೆಂಟಿ ಪಾಸಿಟಿವ್, ಚಲೋ ಆತು" ಎಂದಿದ್ದರು ಡಾಕ್ಟರು. ಏಡ್ಸಿನವರ ರಕ್ತದಲ್ಲಿ ಸಿಡಿ ಫೋರ್ ಎಂಬ ಕಣ ಎಣಿಸತೊಡಗಿದ ಮೇಲೆ ನರಗುಂದದಲ್ಲಿ ಸಿಡಿ, ಪಾಸಿಟಿವ್ ಎರಡೂ ಮಾತಿಗೆ ಒಂದೇ ಅರ್ಥ, ಏಡ್ಸ್. "ಚಲೋ ಆತು" ಎಂಬುದನ್ನು ಬಾಬುಸಾಬ ದವಾಖಾನೆಯ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದ.

ಗಂಡ ನವಾಜ ಗಾದಿ ಅಂಗಡಿಯಿಂದ ಮೀಸೆಯಲ್ಲೆಲ್ಲ ಹತ್ತಿ ಮೆತ್ತಿಕೊಂಡು ಬಂದ.

"ಇವತ್ತ ಮೊದಲನೇ ಇಂಜೆಕ್ಷನ್ ಐತಿ. ಬರ್ತೀರಿಲ್ಲೊ?"

ಅವನು ಮುಖ ನೋಡಲಿಲ್ಲ. "ಆ ರೋಗ ಎಲ್ಲಿಂದ ತಂದಿ?"

ಸೈರಾಬಾನುವಿಗೆ ಮೈಯೆಲ್ಲ ಉರಿಯಿತು. "ಗಾದಿ ಬಟ್ಟಿ ತರಾಕ ಸೊಲ್ಲಾಪುರಕ್ಕ ಹೋಗಾವ್ರು ನೀವು. ಈ ಗಡ್ಡಿ ಏಳೂತನಕ ನಾ ಬೆಣ್ಣಿಹಳ್ಳ ದಾಟಿಲ್ಲ. ಆ ರೋಗ ಇದ್ದಿದ್ರ ಯಾರು ಯಾರಿಗೆ ಕೇಳಬೇಕಿತ್ತು?"

ನವಾಜ ಮೀಸೆಯ ಹತ್ತಿ ಕೀಳತೊಡಗಿದ. ಅವಳೇ ಬಿಡಿಸಿ ಹೇಳಿದಳು.

"ಬಿಳಿ ರಕ್ತಕಣ ಕೆಟ್ಟು ಗಡ್ಡಿ ಆಗೇತಿ. ಆ ಕಣದ ಮೈಮ್ಯಾಲೆ ಒಂದು ಪ್ರೋಟೀನ್ ಐತಿ, ಅದರ ಹೆಸರ ಸಿಡಿ ಟ್ವೆಂಟಿ. ಉತ್ತರಾಣಿ ಕಾಯಿ ಸೀರಿಗೆ ಹತ್ತಿದಂಗ ಹೊಸಾ ಔಷಧ ಅದಕ್ಕ ಹತ್ತತೈತಿ, ಕಣ ಸಾಯತೈತಿ. ಪಾಸಿಟಿವ್ ಅಂದ್ರ ಆ ಪ್ರೋಟೀನ್ ಐತಿ ಅಂತ. ಇಲ್ಲಂದ್ರ ಈ ಔಷಧ ನಡೀತಿದ್ದಿಲ್ಲ."

"ಖರೇ ಇದ್ದೀತು. ಆದ್ರ ಓಣ್ಯಾಗ ಇಷ್ಟೆಲ್ಲಾ ಯಾರಿಗೆ ಹೇಳ್ಕೋತ ಕುಂಡ್ರಲಿ? ಯಮನೂರ ದರ್ಗಾಕ್ಕ ಹೊಂಟೀವಿ ಅಂದ್ಬಿಡು."

ತಿಳಿಯದ ಅತ್ತೆಯ ಮೇಲಿದ್ದ ಸಿಟ್ಟು ಈಗ ತಿಳಿದ ಗಂಡನ ಮೇಲೆ ತಿರುಗಿತು. ಅವಳು ಚೀಲ ಎತ್ತಿಕೊಂಡು ನಡೆದಳು. ಅವನು ಹತ್ತು ಮಾರು ಹಿಂದೆ ಬಂದ.

ಬಸ್ ಸ್ಟ್ಯಾಂಡಿನಲ್ಲಿ ಓಣಿಯ ದೇವವ್ವ ಸಿಕ್ಕಳು. "ಎಲ್ಲಿಗೆ ಹೊಂಟಿ ಸೈರಾ?"

"ಯಮನೂ..." ಎಂದ ನವಾಜ.

"ಹುಬ್ಬಳ್ಳಿ ದವಾಖಾನಿಗೆ, ಯಕ್ಕಾ," ಸೈರಾಬಾನು ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು. "ಕ್ಯಾನ್ಸರ್ ಆಗೇತಿ. ನಮ್ಮ ಭಾವನೋರ ಕಿವಿಗೆ ಅದು ಏಡ್ಸ್ ಅಂತ ಬಿತ್ತು. ಏಡ್ಸ್ ಇದ್ದಿದ್ರೂ ನಾ ದವಾಖಾನಿಗೇ ಹೋಗ್ತಿದ್ದೆ."

ನವಾಜ ಬಸ್ಸಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದೆ ತೆಗೆದ. "ಮಂದ್ಯಾಗ ಮರ್ಯಾದಿ ಕಳದಿ."

"ಏ ನವಾಜ, ಬ್ಯಾನಿ ಇದ್ದಾಕೀನ ಒಬ್ಬಾಕೀನ ಕಳಸ್ತೀಯೇನೋ? ಮೀಸಿ ಯಾಕ ಬಿಟ್ಟಿ?" ದೇವವ್ವ ಗದರಿಸಿದಳು. ಅವನು ಅಂಗಡಿಯ ದಿಕ್ಕು ನೋಡಿದ.

ಸೈರಾಬಾನು ಬಸ್ ಹತ್ತಿ ಕಿಟಕಿಯ ಬಳಿ ಕುಳಿತಳು. ಕಂಡಕ್ಟರ್ ಎಷ್ಟು ಟಿಕೆಟ್ ಎಂದು ಕೇಳಿದ.

"ಒಂದು ಹುಬ್ಬಳ್ಳಿ," ಎಂದಳು ಸೈರಾಬಾನು, ಕಿಟಕಿಯ ಹೊರಗಿದ್ದವನಿಗೂ ಕೇಳುವಂತೆ.