ಕಿಟಕಿ ಹೇಳಿದ ಮಾತು

"ಕೈ ತೆಗೀರಿ ಅಂದ್ನಲ್ಲ!" ಎಂದು ಮಗ, ಅಮ್ಮನ ಶವದ ಪೆಟ್ಟಿಗೆಯ ಮೇಲಿಂದ ಮುದುಕರೊಬ್ಬರ ಕೈಯನ್ನು ಸರಿಸಿದ.

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕರು ಪಿಂಚಣಿ ಕಚೇರಿಯ ನಿವೃತ್ತ ಗುಮಾಸ್ತರು. ಅಪ್ಪ ಸತ್ತಾಗ, ವಿಧವಾ ಪಿಂಚಣಿ ಬೇಕೆಂದರೆ ಹೊಲಿಗೆ ಬಿಡಬೇಕು ಎಂದು ಅಮ್ಮನಿಗೆ ಹೇಳಿದವರು ಇವರೇ. ಕತ್ತರಿ ಹಿಡಿದರೆ ಎದುರಿಲ್ಲ ಎನಿಸಿಕೊಂಡಿದ್ದ ಅಮ್ಮ ಅಂಗಡಿ ಮುಚ್ಚಿ ವರ್ಷಗಟ್ಟಲೆ ಕೈಕಟ್ಟಿ ಕೂತಳು. ಅಂಥ ನಿಯಮ ಇರಲೇ ಇಲ್ಲ; ಅದು ಗೊತ್ತಾದಾಗ ಅಮ್ಮ ಸರ್ಕಾರದ ಮೇಲೆ ದಾವೆ ಹೂಡಿದಳು.

"ಹೆಗಲು ಕೊಡೋಕೆ ಬಂದೆ ಕಣಪ್ಪಾ," ಎಂದರು ಗುಮಾಸ್ತರು.

"ನಿಮ್ಮ ಮಾತು ನಂಬಿ ಅರೆಹೊಟ್ಟೇಲಿ ಬೆಳೆದವರು ನಾವು. ಹೋಗಿ."

ಅಕ್ಕ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. "ಪರೀಕ್ಷೆ ಅಂತ ನೀನು ಆವತ್ತು ಕೋರ್ಟಿಗೆ ಬರ್ಲಿಲ್ಲ. ನಾನು ಅಮ್ಮನ ಜೊತೆಗಿದ್ದೆ."

*

ಆವತ್ತು ಕೋರ್ಟಿನಲ್ಲಿ ಸರ್ಕಾರಿ ವಕೀಲರು ಜಾರಿಕೊಳ್ಳಲು ನೋಡಿದರು. "ಹಾಗೆ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಹೇಳಿದ್ದರೂ ಅದು ಗುಮಾಸ್ತರ ಸ್ವಂತ ಮಾತು, ಸರ್ಕಾರ ಹೊಣೆಯಲ್ಲ."

ಅಮ್ಮ ಎದ್ದು ನಿಂತಳು. "ನಾನೇನು ಈ ಗುಮಾಸ್ತರ ಮನೆಗೆ ಹೋಗಿ ಕೇಳಿದ್ನಾ ಸ್ವಾಮಿ? ಸರ್ಕಾರದ ಕಿಟಕಿಗೆ ಹೋಗಿ ಕೇಳ್ದೆ. ಅದರ ಹಿಂದೆ ಕೂತವರು ಅಂದಿದ್ದು ಸರ್ಕಾರ ಅಂದ ಹಾಗೆ. ಇವರ ಸಂಬಳದಿಂದ ನಂಗೆ ಬಿಡಿಗಾಸೂ ಬೇಡ."

ಗುಮಾಸ್ತರು ಇಲ್ಲ ಎಂದುಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಮೇಲಧಿಕಾರಿ ಅಲ್ಲೇ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ಆದರೂ ಗುಮಾಸ್ತರು ಕಟಕಟೆ ಹಿಡಿದು, "ನಾನೇ ಹೇಳಿದ್ದು. ನಮಗೂ ಕಚೇರೀಲಿ ಹಾಗೇ ಹೇಳಿಕೊಟ್ಟಿದ್ರು," ಎಂದರು.

ಅಮ್ಮ ಕಳೆದುಕೊಂಡ ದುಡಿಮೆಯನ್ನು ಸರ್ಕಾರವೇ ತುಂಬಿಕೊಡಬೇಕೆಂದು ತೀರ್ಪಾಯಿತು. ಗುಮಾಸ್ತರಿಗೆ ಆಮೇಲೆ ಬಡ್ತಿ ಸಿಗಲೇ ಇಲ್ಲ.

*

"ಅಮ್ಮ ಗೆದ್ಲು ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತೀಯಲ್ಲ," ಎಂದಳು ಅಕ್ಕ, "ಇವರು ನಿಜ ಹೇಳ್ದೆ ಇದ್ದಿದ್ರೆ ಎಲ್ಲಿಯ ಗೆಲುವೋ?"

"ಹಂಗಾದ್ರೆ ಅವಳ ಧೈರ್ಯಕ್ಕೆ ಬೆಲೆ ಇಲ್ವಾ?" ಪಕ್ಕದ ಮನೆಯ ಅಜ್ಜಿಗೆ ತಡೆಯಲಾಗಲಿಲ್ಲ.

"ಇಲ್ದೆ ಏನಜ್ಜಿ! ಸರ್ಕಾರದ ಬಾಯಲ್ಲೇ ತಪ್ಪಾಯ್ತು ಅನ್ನಿಸಿದ ಹೆಂಗಸು ನಮ್ಮಮ್ಮ!" ಅಳುವಿನ ನಡುವೆಯೂ ಅಕ್ಕನ ದನಿ ಬೀದಿಗೆ ಕೇಳುವಷ್ಟು ಏರಿತು.

ಮಗನಿಗೆ ನಾಚಿಕೆಯಾಯಿತು. ಸರಿದು ಜಾಗ ಬಿಟ್ಟು, "ಮುಂದೆ ಬನ್ನಿ ಯಜಮಾನ್ರೇ, ನನ್ನ ಪಕ್ಕಕ್ಕೆ," ಎಂದ.

ಪೆಟ್ಟಿಗೆ ಮೇಲೆದ್ದಿತು. ಗುಮಾಸ್ತರು ಕುಳ್ಳರು, ಅಮ್ಮ ಅವರ ಕಡೆಗೆ ವಾಲಿದಳು. ಮಗ ಮಂಡಿ ಬಗ್ಗಿಸಿ ತನ್ನ ಹೆಗಲನ್ನು ಅವರ ಹೆಗಲಿನ ಮಟ್ಟಕ್ಕೆ ಇಳಿಸಿದ. ಬೀದಿ ಮುಗಿಯುವವರೆಗೂ ಹಾಗೆಯೇ ಬಗ್ಗಿಕೊಂಡು ನಡೆದ.